ಬುರುಡೆ ಬಯ್ಯಪ್ಪ ಆರಿಸಿದ ಹಕ್ಕಿ ಪುಸ್ತಕ

ಮೇಲೂರು ಕಡೆಯ ಹಳಬರು ನನ್ನನ್ನು ಈಗಲೂ ಬುರುಡೆ ಮೇಷ್ಟ್ರು ಎಂದೇ ಕರೆಯುತ್ತಾರೆ. ಚನ್ನಕೇಶವ ಎಂಬ ಹೆಸರು ಸರ್ವಿಸ್ ರಿಜಿಸ್ಟರಿನಲ್ಲಿ ಮಾತ್ರ ಉಳಿದುಕೊಂಡಿದೆ. ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವನಿಗೆ ಇಂಥ ಬಿರುದು ಬರಬೇಕಾದರೆ ಏನೋ ದೊಡ್ಡ ಅನಾಹುತವೇ ಆಗಿರಬೇಕೆಂದು ಹೊಸಬರು ಅಂದುಕೊಳ್ಳುತ್ತಾರೆ. ಅಂಥದ್ದೇನೂ ಇಲ್ಲ. ಶಾಲೆಗೆ ಒಂದು ಹಕ್ಕಿ ಪುಸ್ತಕ ಆರಿಸಲು ಹೋಗಿ ಹೀಗಾಯಿತು. ಬಿರುದಿನ ಮೂಲ ಹಕ್ಕುದಾರ ಬಯ್ಯಪ್ಪ. ನನಗೆ ಅದರಲ್ಲಿ ಅರ್ಧ ಪಾಲು ಸಿಕ್ಕಿತು ಅಷ್ಟೆ.

ಬಯ್ಯಪ್ಪ ನಾನು ಮೇಷ್ಟ್ರಾಗಿದ್ದ ಊರಿನ ನೀರಗಂಟಿ. ಆ ಊರು ಮೇಲೂರಿಗೆ ಒಂದೂವರೆ ಮೈಲಿ, ಊರ ಹಿಂದೆಯೇ ದೊಡ್ಡ ಕೆರೆ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಗೊತ್ತುಮಾಡಿ, ಸರದಿ ತಪ್ಪದಂತೆ ಬಿಡುವುದು ನೀರಗಂಟಿಯ ಕೆಲಸ. ಅವನ ಅಪ್ಪನೂ ತಾತನೂ ಅದನ್ನೇ ಮಾಡಿದ್ದರು. ಗಡಿಯಾರವಿಲ್ಲ, ಕಾಗದವಿಲ್ಲ. "ನಿಮ್ದಾಯ್ತು ಸಾಮಿ, ಇನ್ನು ಆವಲಪ್ಪನೋರ ಸರದಿ" ಎಂದು ನೀರಗಂಟಿ ಅಂದರೆ ಅದೇ ಕೊನೆಯ ಮಾತು. ಅಂದಮೇಲೆ ಅವನ ಮಾತಿಗೆ ಊರಲ್ಲಿ ಬೆಲೆ ಇರಲೇಬೇಕು. ಅದೊಂದು ಹೋದರೆ ಅವನ ಕೈಯಲ್ಲಿ ಉಳಿಯುವುದು ಮಣ್ಣು ಎಳೆಯುವ ಸನಿಕೆ ಮಾತ್ರ.

ಕೆರೆಯಲ್ಲಿ ಇನ್ನೆಷ್ಟು ದಿನದ ನೀರಿದೆ ಎಂದು ಬಯ್ಯಪ್ಪ ಅಳೆಯುತ್ತಿದ್ದದ್ದು ಹಕ್ಕಿಗಳ ಕಾಲಿನಿಂದ. ಇದು ಅವನ ಮನೆತನದ ವಿದ್ಯೆ. ಕೆರೆಯ ನಡುವೆ ಐದಾರು ಜಾಲಿಮರಗಳಿದ್ದವು. ಬೆಳ್ಳಕ್ಕಿ ಯಾವ ಮರದ ಬಳಿ ಮೊಣಕಾಲುದ್ದ ನಿಂತಿದೆ, ಕೋಲುಕಾಲ ಎಲ್ಲಿ ಹೊಟ್ಟೆ ನೆನೆಯದಂತೆ ನಡೆಯುತ್ತಿದೆ ಎಂದು ಏರಿಯ ಮೇಲೆ ನಿಂತು ನೋಡಿಯೇ "ಇಪ್ಪತ್ತು ದಿನಕ್ಕೆ ಸಾಕು" ಎಂದು ಹೇಳುತ್ತಿದ್ದ. ಕೋಲುಕಾಲ ಎಂದರೆ ಕಡ್ಡಿಯಂಥ ಕೆಂಪು ಕಾಲುಗಳ, ಕಪ್ಪು ರೆಕ್ಕೆಯ ಒಂದು ಹಕ್ಕಿ. ಹೆಸರು ಅವನೇ ಇಟ್ಟದ್ದು. ಯಾವ ಹಕ್ಕಿಯನ್ನು ಕಂಡರೂ ಅವನ ಕಣ್ಣು ಮೊದಲು ಹೋಗುತ್ತಿದ್ದದ್ದು ಕಾಲಿಗೆ. ಕೊಕ್ಕು, ರೆಕ್ಕೆ, ಬಣ್ಣ ಎಲ್ಲ ಆಮೇಲೆ.

ಇಂಥವನಿಗೆ ಬುರುಡೆ ಎಂಬ ಹೆಸರು ಬಂದದ್ದು ನಾನು ಆ ಊರಿಗೆ ಬರುವುದಕ್ಕೆ ಆರು ವರ್ಷ ಮೊದಲು, ಐವತ್ತೊಂದನೆಯ ಇಸವಿಯ ಜನವರಿಯಲ್ಲಿ. ಬೆಳಗಿನ ಜಾವ ತೂಬಿನ ಹತ್ತಿರ ಹೋದವನಿಗೆ ಕೆರೆಯಲ್ಲಿ ಏಳು ಹಕ್ಕಿಗಳು ಕಂಡವಂತೆ. ಆಳಿನ ಎದೆಯೆತ್ತರ. ಮೈ ಬಿಳುಪು, ಅದಕ್ಕೆ ತೆಳ್ಳಗೆ ಕೆಂಪು ಬಳಿದ ಹಾಗೆ. ಕೊಕ್ಕು ನಡುವೆ ಮುರಿದಂತೆ ಬಾಗಿತ್ತು. ಕತ್ತು ಇಳಿಬಿಟ್ಟು, ತಲೆಯನ್ನು ಬುಡಮೇಲು ಮಾಡಿಕೊಂಡು ಕೆಸರು ಜಾಲಿಸಿ ತಿನ್ನುತ್ತಿದ್ದವಂತೆ. ಬಯ್ಯಪ್ಪ ಸನಿಕೆ ಬಿಸಾಕಿ ಊರಿಗೆ ಓಡಿದ. ಜನ ಎದ್ದು, ಪಂಚೆ ಬಿಗಿದುಕೊಂಡು, ಕೆರೆಗೆ ಬರುವ ಹೊತ್ತಿಗೆ ಬಿಸಿಲೇರಿತ್ತು. ಅಲ್ಲಿದ್ದದ್ದು ಗಂಗುಲಪ್ಪನ ಎರಡು ಎಮ್ಮೆ.

"ಕಾಲು ಹೆಂಗಿತ್ತಪ್ಪಾ?" ಎಂದು ಯಾರೋ ಕೇಳಿದರು.

"ಕಾಲು ಕಾಣಲಿಲ್ಲ ಸಾಮಿ. ನೀರಿನ ಮೇಲೆ ಮಂಜು ಕೂತಿತ್ತು."

ಅಲ್ಲಿಗೆ ಮುಗಿಯಿತು. ಬಯ್ಯಪ್ಪ ಕಾಲು ನೋಡದ ಹಕ್ಕಿ ಇರಲು ಸಾಧ್ಯವೇ ಇಲ್ಲವೆಂದು ಊರು ತೀರ್ಮಾನ ಮಾಡಿತು. ಊರ ಬಾಗಿಲಲ್ಲಿ ಟೀ ಹೋಟೆಲು ಇಟ್ಟಿದ್ದ ಕೋನಪ್ಪನ ಮನೆಮಾತು ತೆಲುಗು. ತಲೆಕೆಳಗಿನ ಹಕ್ಕಿಗೆ ಅವನು 'ತಲಕಿಂದುಲ ಪಿಟ್ಟ' ಎಂದು ನಾಮಕರಣ ಮಾಡಿದ. ಬಯ್ಯಪ್ಪ ಹೋಟೆಲಿನ ಮುಂದೆ ಹಾದುಹೋದಾಗೆಲ್ಲ "ಏಮಪ್ಪಾ ಬುರುಡೆ, ಪಿಟ್ಟ ಬಂತಾ?" ಎಂದು ಒಳಗಿನಿಂದ ಕೂಗುತ್ತಿದ್ದ. ರೇಷ್ಮೆಗೂಡು ಸಿಡ್ಲಘಟ್ಟಕ್ಕೆ ಹಾಕಿ ಬಂದು ಟೀ ಕುಡಿಯುತ್ತಿದ್ದವರೆಲ್ಲ ನಗುತ್ತಿದ್ದರು. ನಗುವುದಾದರೆ ನಗಲಿ. ಆದರೆ ಮರುದಿನ ಗದ್ದೆಯಲ್ಲಿ "ನಿಮ್ಮ ಸರದಿ ಆಯ್ತು" ಎಂದರೆ, "ತಲಕಿಂದುಲ ಪಿಟ್ಟ ಕಂಡೋನ ಮಾತು ಕಟ್ಕೊಂಡು ಏನಾಗಬೇಕು" ಎಂದು ಕಾಲುವೆಯ ಮಡೆ ಕಟ್ಟದೆ ಇನ್ನರ್ಧ ಗಳಿಗೆ ನೀರು ಎಳೆದುಕೊಳ್ಳುತ್ತಿದ್ದರು. ಬಯ್ಯಪ್ಪ ಸನಿಕೆ ಹೆಗಲಿಗೇರಿಸಿ ಮುಂದಿನ ಗದ್ದೆಗೆ ಹೋಗುತ್ತಿದ್ದ. ಎದುರು ಮಾತಾಡುವ ಜಾತಿಯಲ್ಲಿ ಅವನು ಹುಟ್ಟಿರಲಿಲ್ಲ. ಕೋನಪ್ಪನ ಹೋಟೆಲಿನಲ್ಲಿ ಅವನ ಲೋಟವೇ ಬೇರೆ, ಹೊರಗೋಡೆಯ ಗೂಡಿನಲ್ಲಿ ಇರುತ್ತಿತ್ತು. ನಾನು ಒಳಗೆ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತ ಆ ಗೂಡನ್ನು ದಿನಾ ನೋಡುತ್ತಿದ್ದೆ, ಏನೂ ಅನ್ನಿಸುತ್ತಿರಲಿಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ.

ನಾನು ಆ ಊರಿನ ಮಿಡ್ಲ್ ಸ್ಕೂಲಿಗೆ ಬಂದದ್ದು ಐವತ್ತೇಳರಲ್ಲಿ. ಬಂದ ಆರು ತಿಂಗಳಿಗೆ ಇನ್ಸ್‌ಪೆಕ್ಟರು ತಪಾಸಣೆಗೆ ಬಂದರು. ಪ್ರಕೃತಿ ಪಾಠದ ಹೊತ್ತು. ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿ, ಹತ್ತು ಹಕ್ಕಿಗಳ ಹೆಸರು ಹೇಳಮ್ಮ ಅಂದರು.

"ಕಾಗೆ, ಗುಬ್ಬಿ, ಕೋಳಿ" ಎಂದಳು ಹುಡುಗಿ. ಸ್ವಲ್ಪ ಯೋಚಿಸಿ, "ಹುಂಜ" ಎಂದಳು. ಇನ್ನೂ ಯೋಚಿಸಿ, "ಕೋಳಿಮರಿ ಸಾ" ಎಂದು ಕೂತುಬಿಟ್ಟಳು.

ಇನ್ಸ್‌ಪೆಕ್ಟರು ಕಿಟಕಿಯ ಕಡೆ ತಿರುಗಿದರು. ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಏರಿಯ ಕಲ್ಲಿನ ಮೇಲೆ ಯಾವುದೋ ಹಕ್ಕಿ ಕೂತಿತ್ತು.

"ಅದೇನ್ರೀ ಮೇಷ್ಟ್ರೇ?"

"ಹಕ್ಕಿ ಸಾರ್."

"ಯಾವ ಹಕ್ಕಿ?"

"ಕೆರೆ ಹಕ್ಕಿ ಸಾರ್."

"ನಾಳೆ ಅದು ನಿಮ್ಮ ಮನೆ ಸೂರಿನ ಮೇಲೆ ಕೂತರೆ ಏನಂತೀರಿ? ಸೂರಿನ ಹಕ್ಕಿ ಅಂತೀರೋ?"

ಮಕ್ಕಳು ಕಿಸಕ್ಕೆಂದವು. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹೊರಗೆ ನೋಡಿ ಹಕ್ಕಿ ಗುರುತಿಸಲು ಅನುಕೂಲವಾಗುವ ಒಂದು ಪುಸ್ತಕವನ್ನು ಶಾಲೆಗೆ ಕೂಡಲೇ ಕೊಳ್ಳತಕ್ಕದ್ದು ಎಂದು ಇನ್ಸ್‌ಪೆಕ್ಟರು ಷರಾ ಬರೆದು ಹೋದರು.

ಹೆಡ್‌ಮಾಸ್ಟರ್ ವೆಂಕಟರಾಮಪ್ಪನವರು ಬೆಂಗಳೂರಿನ ಒಂದು ಪುಸ್ತಕದಂಗಡಿಗೆ ಕಾಗದ ಹಾಕಿದರು. ಡಿಸೆಂಬರಿನಲ್ಲಿ ಮೂರು ಪುಸ್ತಕ ಬಂದವು, ಮೂರೂ ಇಂಗ್ಲಿಷಿನವು. ಹತ್ತು ದಿನ ನೋಡಿ, ಬೇಕಾದ ಒಂದನ್ನು ಇಟ್ಟುಕೊಂಡು ಎರಡನ್ನು ವಾಪಸು ಮಾಡಬೇಕು, ತಡವಾದರೆ ಮೂರೂ ನಮ್ಮ ತಲೆಗೆ ಎಂದು ಕರಾರು. ಹೆಡ್‌ಮಾಸ್ಟರು ಮೂರನ್ನೂ ಕೈಯಲ್ಲಿ ತೂಗಿ ನೋಡಿದರು. ಮೊದಲನೆಯದು ಎರಡು ಇಟ್ಟಿಗೆಯಷ್ಟು ದಪ್ಪ, ಬೆನ್ನಿನ ಮೇಲೆ ಚಿನ್ನದ ಅಕ್ಷರ.

"ನೋಡಯ್ಯ ಚನ್ನಕೇಶವ, ನನ್ನ ಕೇಳಿದ್ರೆ ಇದೇ. ಇನ್ಸ್‌ಪೆಕ್ಟರು ಬಂದಾಗ ಮೇಜಿನ ಮೇಲೆ ಕಾಣಬೇಕು. ಆದ್ರೂ ಮರ್ಯಾದೆ ಹೋದದ್ದು ನಿಂದು, ನೀನೇ ಗೊತ್ತು ಮಾಡು."

ನಾನು ಏಳು ದಿನ ಮನೆಯ ಜಗಲಿಯ ಮೇಲೆ ಕೂತೇ ಪರೀಕ್ಷೆ ಮಾಡಿದೆ. ಜಗಲಿಯ ಮೇಲೆ ದೊಡ್ಡ ಪುಸ್ತಕ ಬಹಳ ಚೆನ್ನಾಗಿ ಕಾಣುತ್ತಿತ್ತು. ಎಂಟನೆಯ ದಿನ ಸಂಜೆ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಕೆರೆ ಏರಿಗೆ ಹೋದೆ. ಒಂದು ಹಕ್ಕಿ ಕೂತಿತ್ತು. ದೊಡ್ಡ ಪುಸ್ತಕ ತೆಗೆದು ತೊಡೆಯ ಮೇಲಿಟ್ಟು ಚಿತ್ರದ ಪುಟ ಬಿಡಿಸಿದೆ. ಒಂದೊಂದು ಪುಟದಲ್ಲಿ ಇಪ್ಪತ್ತು ಹಕ್ಕಿ, ಪ್ರತಿಯೊಂದರ ಕೆಳಗೆ ಒಂದು ನಂಬರು. ನಂಬರು ಹಿಡಿದು ಹಿಂದಕ್ಕೆ ಹೋದರೆ ಅಲ್ಲಿ ಹೆಸರು, ಹೆಸರು ಹಿಡಿದು ಮುನ್ನೂರನೆಯ ಪುಟಕ್ಕೆ ಹೋದರೆ ಅಲ್ಲಿ ವಿವರ. ಓದಿ ತಲೆಯೆತ್ತಿದರೆ ಹಕ್ಕಿ ಇಲ್ಲ. ಇನ್ನೊಂದು ಬಂತು, ಅದೂ ಹೋಯಿತು. ಮೂರನೆಯದು ಹಾರಿಹೋದಾಗ ನಾನು ಅದಕ್ಕೆ ಬೈದೆ. ಗಟ್ಟಿಯಾಗಿಯೇ ಬೈದಿರಬೇಕು.

"ಏನ್ ಸಾಮಿ, ಬುಕ್ಕು ನೋಡಕ್ಕೆ ಬಂದ್ರಾ, ಹಕ್ಕಿ ನೋಡಕ್ಕೆ ಬಂದ್ರಾ?" ತೂಬಿನ ಬಳಿ ಕೂತಿದ್ದ ಬಯ್ಯಪ್ಪ ಕೇಳಿದ.

ನನಗೆ ರೇಗಿತು. ಆದರೆ ಕೇಳಿದ್ದು ಸರಿಯಾಗಿಯೇ ಇತ್ತು. ವಿಷಯ ಹೇಳಿದೆ. ಅವನು ಸನಿಕೆ ಒರಗಿಸಿ ಬಂದು ಎರಡು ಮಾರು ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತ. "ಹತ್ತಿರ ಬಾರಪ್ಪ, ಅಲ್ಲಿಂದ ಏನು ಕಾಣ್ತದೆ?" ಅಂದೆ. ಅವನು ಕೈ ತೊಳೆದುಕೊಂಡು, ಪಂಚೆಗೆ ಒರೆಸಿ, ಮತ್ತೆ ತೊಳೆದುಕೊಂಡು ಬಂದ.

ಪರೀಕ್ಷೆ ಮಾಡುವ ವಿಧಾನ ಅವನೇ ಹೇಳಿಕೊಟ್ಟ. ಅವನು ಒಂದು ಹಕ್ಕಿ ತೋರಿಸುವುದು, ಅದು ಹಾರಿಹೋಗುವುದರೊಳಗೆ ಯಾವ ಪುಸ್ತಕದಲ್ಲಿ ಸಿಗುತ್ತದೆ ಎಂದು ನಾನು ಹುಡುಕುವುದು. ಸಿಕ್ಕ ಪುಸ್ತಕಕ್ಕೆ ಒಂದು ಮಾರ್ಕು. ಮಾರ್ಕು ಕೊಡುವುದು ನನಗೆ ರೂಢಿಯಾದ ಕೆಲಸ, ಹುಮ್ಮಸ್ಸು ಬಂತು.

ಮೊದಲು ಕೋಲುಕಾಲ. ದೊಡ್ಡ ಪುಸ್ತಕದಲ್ಲಿ ಬಣ್ಣದ ಚಿತ್ರವಿತ್ತು, ಆದರೆ ಬರೆದವನು ಹಕ್ಕಿಯನ್ನು ಹೊಟ್ಟೆಯವರೆಗೆ ನೀರಿನಲ್ಲಿ ನಿಲ್ಲಿಸಿ, ಮುಂದೆ ಚೆಂದಕ್ಕೆ ಜೊಂಡು ಬೇರೆ ಬೆಳೆಸಿದ್ದ.

"ಕಾಲು ಎಲ್ಲಿ ಸಾಮಿ?"

"ನೀರೊಳಗೆ ಇರ್ತದೆ."

"ಇರ್ತದೆ ಅಂತ ನಮಗೆ ಗೊತ್ತು. ಮಕ್ಕಳಿಗೆ ಹೆಂಗೆ ಗೊತ್ತಾಗ್ತದೆ? ಕಾಲು ಕಿತ್ಹಾಕಿದ್ರೆ ಕೋಲುಕಾಲದಲ್ಲಿ ಇನ್ನೇನೈತೆ?"

ಎರಡನೆಯದು ಫೋಟೋ ಪುಸ್ತಕ. ಅದರಲ್ಲಿ ಹಕ್ಕಿಗಳೆಲ್ಲ ಒಂದೇ ಕಪ್ಪು. ಬಯ್ಯಪ್ಪ ನಾಲ್ಕು ಪುಟ ತಿರುವಿ, "ಕಾಗೆ ಬುಕ್ಕಾ ಸಾಮಿ?" ಎಂದು ಮರ್ಯಾದೆಯಿಂದ ಕೇಳಿದ. ಅದಕ್ಕೆ ಸೊನ್ನೆ ಕೊಟ್ಟು ಚೀಲಕ್ಕೆ ಹಾಕಿದೆ.

ಮೂರನೆಯದು ಅಂಗೈ ಅಗಲದ್ದು. ಒಂದು ಪುಟಕ್ಕೆ ಒಂದೇ ಹಕ್ಕಿ, ಕಾಲ್ಬೆರಳಿನವರೆಗೆ ಪೂರ್ತಿ. ಎದುರು ಪುಟದಲ್ಲೇ ಎಲ್ಲಿರುತ್ತದೆ, ಏನು ತಿನ್ನುತ್ತದೆ, ಹೇಗೆ ಕೂಗುತ್ತದೆ ಎಂದು ಆರೇಳು ಸಾಲು. ಕೋಲುಕಾಲ ಅದರಲ್ಲಿ ಕೆಂಪು ಕಾಲುಗಳ ಸಮೇತ ನಿಂತಿತ್ತು. ಬಯ್ಯಪ್ಪ ಅದನ್ನು ನೋಡಿ ನಕ್ಕ, ಪರಿಚಯದವರು ಸಂತೆಯಲ್ಲಿ ಸಿಕ್ಕಾಗ ನಗುವ ಹಾಗೆ.

ಮರುದಿನ ಶಾಲೆ ಬಿಟ್ಟ ಮೇಲೆ ಪರೀಕ್ಷೆ ಮುಂದುವರಿಯಿತು. ಹೊತ್ತು ಮುಳುಗುವಷ್ಟರಲ್ಲಿ ಚಿಕ್ಕ ಪುಸ್ತಕಕ್ಕೆ ಇಪ್ಪತ್ತಮೂರು ಮಾರ್ಕು, ದೊಡ್ಡದಕ್ಕೆ ಒಂಬತ್ತು. ಆದರೂ ಹೆಡ್‌ಮಾಸ್ಟರ ಮೇಜು ನನ್ನ ಕಣ್ಣ ಮುಂದೆ ಇತ್ತು, ಚಿನ್ನದ ಅಕ್ಷರವೂ ಇತ್ತು. "ದೊಡ್ಡದರಲ್ಲಿ ಹಕ್ಕಿ ಜಾಸ್ತಿ ಇದೆಯಲ್ಲಪ್ಪ" ಎಂದೆ. ಬಯ್ಯಪ್ಪ ಅದನ್ನು ತೊಡೆಯ ಮೇಲೆ ಎಳೆದುಕೊಂಡು ಸುಮ್ಮನೆ ಪುಟ ಮಗುಚುತ್ತಿದ್ದ. ಒಂದು ಕಡೆ ಕೈ ನಿಂತಿತು.

ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ಎತ್ತಿಕೊಂಡ.

"ಸಾಮಿ, ಇದೇ."

ನಾನು ಬಗ್ಗಿ ನೋಡಿದೆ. ಬಿಳಿ ಮೈಗೆ ತೆಳುಗೆಂಪು. ಮುರಿದಂತೆ ಬಾಗಿದ ಕೊಕ್ಕು. ಪಕ್ಕದಲ್ಲಿ ಇನ್ನೊಂದು ಅದೇ ಜಾತಿಯ ಹಕ್ಕಿ, ತಲೆ ಬುಡಮೇಲು ಮಾಡಿ ನೀರಿಗಿಟ್ಟಿತ್ತು. ನಂಬರು ಹಿಡಿದು ಓಡಿ ವಿವರ ಹುಡುಕಿದೆ. ಹೆಸರು ಫ್ಲೆಮಿಂಗೊ. ತಲೆಯನ್ನು ತಲೆಕೆಳಗು ಮಾಡಿ ಕೆಸರು ಸೋಸಿ ತಿನ್ನುತ್ತದೆ ಎಂದು ಅಚ್ಚಿನಲ್ಲಿ ಬರೆದಿತ್ತು. ಓದಿ, ಕನ್ನಡದಲ್ಲಿ ಹೇಳಿದೆ.

"ಇನ್ನೊಂದು ಸಲ ಹೇಳಿ ಸಾಮಿ."

ಇನ್ನೊಂದು ಸಲ ಹೇಳಿದೆ. ಅವನ ಕಣ್ಣು ತುಂಬಿಬಂದಿತ್ತು. "ಏಳು ವರ್ಸ ಆಗ್ತಾ ಬಂತು ಸಾಮಿ. ನಮ್ಮ ಮಂಗಮ್ಮನೂ ನಂಬಲಿಲ್ಲ. ಕಟ್ಕೊಂಡೋಳು. ಹೆಂಡ ಕುಡಿದಿದ್ದೆ ಅಂದ್ಕೊಂಡವ್ಳೆ" ಎಂದ. ಆಮೇಲೆ ಬೆರಳಿನಿಂದ ಚಿತ್ರದ ಕೆಳಗೆ ಸವರಿ, "ಇಲ್ಲೂ ಕಾಲು ಮುಚ್ಚವ್ನೆ ನೋಡಿ" ಎಂದ. ನಿಜ, ಆ ಪುಣ್ಯಾತ್ಮ ಇದನ್ನೂ ನೀರಿನಲ್ಲೇ ನಿಲ್ಲಿಸಿದ್ದ. ಕಾಲು ಉದ್ದ, ಗುಲಾಬಿ ಬಣ್ಣ ಎಂದು ಬರೆದಿದೆ ಅಂದೆ. "ಬರೆದಿರೋದು ಓದೋರಿಗೆ ಸಾಮಿ, ನನಗೆ ಕಾಣಬೇಕಲ್ಲ" ಎಂದ.

ನಾನು ಎದ್ದು ನಿಂತುಬಿಟ್ಟೆ. "ಇನ್ನೇನು ಯೋಚನೆ? ಇದೇ ಪುಸ್ತಕ! ನಾಳೆ ಬೆಳಿಗ್ಗೆ ಆ ಎರಡನ್ನೂ ಮೇಲೂರಲ್ಲಿ ಬಸ್ಸಿಗೆ ಹಾಕಿ ಬರೋಣ. ಬಂದು ನೇರ ಕೋನಪ್ಪನ ಹೋಟೆಲಲ್ಲಿ ಈ ಪುಟ ಬಿಚ್ಚಿ ಇಡೋಣ. ಊರೆಲ್ಲ ಬಾಯಿ ಮುಚ್ಕೊಬೇಕು. ಪುಸ್ತಕ ಶಾಲೇಲೇ ಇರ್ತದೆ, ಯಾರು ಯಾವಾಗ ಬಂದು ಕೇಳಿದ್ರೂ ತೋರಿಸ್ತೀನಿ." ಹೆಡ್‌ಮಾಸ್ಟರಿಗೆ ಮೇಜು ತುಂಬಿತು, ಬಯ್ಯಪ್ಪನಿಗೆ ಮಾನ ಬಂತು, ನನಗೆ ಗೆದ್ದ ಖುಷಿ. ಅಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಹತ್ತನೆಯ ದಿನ. ಊರಿಗೆ ಬಸ್ಸು ಬರುತ್ತಿರಲಿಲ್ಲ, ಮೇಲೂರಿನವರೆಗೆ ನಡೆಯಬೇಕು. ಬಯ್ಯಪ್ಪ ಮೂರೂ ಪುಸ್ತಕವಿದ್ದ ಚೀಲ ಹೊತ್ತು ಹಿಪ್ಪುನೇರಳೆ ತೋಟಗಳ ನಡುವೆ ಹಿಂದೆ ಬಂದ. ನಾವು ಹೊರಟಾಗ ಕೋನಪ್ಪನ ಹೋಟೆಲು ಇನ್ನೂ ಬಾಗಿಲು ತೆರೆದಿರಲಿಲ್ಲ. ಬಸ್ಸು ಬಂತು. ಪಾರ್ಸಲು ಸಿಡ್ಲಘಟ್ಟದ ಪೋಸ್ಟಾಫೀಸಿಗೆ ಮುಟ್ಟಿಸಲು ಕಂಡಕ್ಟರು ಒಪ್ಪಿದ್ದ. ನಾನು ಬಟ್ಟೆಯ ಚೀಲಕ್ಕೆ ಫೋಟೋ ಪುಸ್ತಕ ಹಾಕಿ, ಚಿಕ್ಕದಕ್ಕೆ ಕೈ ಹಾಕಿದೆ. ಬಯ್ಯಪ್ಪ ನನ್ನ ಕೈ ಹಿಡಿದ. ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಸಾಮಿ, ದೊಡ್ಡದು ಕಳಿಸಿ."

"ತಲೆ ಕೆಟ್ಟಿದೆಯೇನಪ್ಪ? ನಿನ್ನ ಹಕ್ಕಿ ಇರೋದು ಅದರಲ್ಲಿ! ಚಿಕ್ಕದರಲ್ಲಿ ಇಲ್ಲ, ನಾನೇ ಎರಡು ಸಲ ಹುಡುಕಿದೀನಿ."

"ದೊಡ್ಡದರಲ್ಲಿ ಐತೆ ಸಾಮಿ. ಒಂದು ಐತೆ. ಉಳಿದ ಹಕ್ಕಿಗೆ? ಆ ಮಕ್ಕಳು ಅದನ್ನ ಎತ್ತಕ್ಕಾಗಲ್ಲ. ಚಿತ್ರ ಒಂದು ಕಡೆ, ಮಾತು ಒಂದು ಕಡೆ. ನೀವು ಓದಿರೋರು, ನಿಮಗೇ ಹಕ್ಕಿ ಸಿಗಲಿಲ್ಲ."

"ಅಷ್ಟು ಸಣ್ಣ ವಿಷಯಕ್ಕೆ ನಿನ್ನ ಮಾನ..."

"ಯಾವುದು ಒಳ್ಳೇದು ನೋಡಿ ಹೇಳು ಅಂದ್ರಿ ನೀವು. ಊರಲ್ಲಿ ನನ್ನ ಮಾತು ಕೇಳಿದ ಮೊದಲನೇರು ನೀವು. ದೊಡ್ಡದು ಒಳ್ಳೇದು ಅಂತ ನಾನಂದ್ರೆ ಅದು ನಿಜವಾಗ್ಲೂ ಬುರುಡೆ ಆಗೋಗ್ತದೆ."

ಡ್ರೈವರು ಹಾರನ್ ಒತ್ತಿದ. ಒಂದು ದಿನ ತಡ ಮಾಡೋಣ, ಊರಿಗೆ ತೋರಿಸಿ ನಾಳೆ ಕಳಿಸೋಣ ಎಂದು ನಾನು ಗೋಗರೆದೆ. ತಡವಾದರೆ ಮೂರೂ ನಿಮ್ಮ ತಲೆಗೆ ಬೀಳುತ್ತವೆ ಎಂದು ನೀವೇ ಹೇಳಿದಿರಲ್ಲ ಅಂದ ಬಯ್ಯಪ್ಪ. ಕಂಡಕ್ಟರು, "ಮೇಷ್ಟ್ರೇ, ಚಿಂತಾಮಣಿ ಪ್ಯಾಸೆಂಜರು ಬೈತಾವ್ರೆ, ಹಾಕ್ತೀರೋ ಇಲ್ವೋ?" ಎಂದು ಕೂಗಿದ. ದೊಡ್ಡ ಪುಸ್ತಕವನ್ನು ಚೀಲಕ್ಕೆ ಹಾಕಿದವನು ಬಯ್ಯಪ್ಪನೇ. ಹಾಕುವ ಮೊದಲು ಆ ಪುಟ ಬಿಡಿಸಿ ಒಂದು ಸಲ ನೋಡಿದ. ಬಸ್ಸು ಹೊರಟ ಮೇಲೆ ಧೂಳು ಅಡಗುವವರೆಗೂ ನಾವಿಬ್ಬರೂ ರಸ್ತೆಯಲ್ಲೇ ಇದ್ದೆವು. ನನಗೆ ಅವನ ಮೇಲೆ ತುಂಬ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

ಹೆಡ್‌ಮಾಸ್ಟರು ಚಿಕ್ಕ ಪುಸ್ತಕ ನೋಡಿ, "ಏನಯ್ಯಾ, ಬೀಡಿ ಕಟ್ಟಿನಷ್ಟಿದೆ" ಎಂದು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ಮಕ್ಕಳು ಮಾತ್ರ ಅದನ್ನು ಬಿಡಲಿಲ್ಲ. ಮೂರು ತಿಂಗಳಲ್ಲಿ ಅಂಚೆಲ್ಲ ಕಪ್ಪಾಯಿತು. ಮುಂದಿನ ತಪಾಸಣೆಯಲ್ಲಿ ಅದೇ ಹುಡುಗಿ ಹತ್ತಕ್ಕೆ ನಿಲ್ಲಿಸದೆ ಮೂವತ್ತೊಂದು ಹಕ್ಕಿ ಹೇಳಿ, ಇನ್ಸ್‌ಪೆಕ್ಟರಿಗೆ ಕಿಟಕಿಯಲ್ಲಿ ಟಿಟ್ಟಿಭ ತೋರಿಸಿ, "ಅದರ ಕಾಲು ಹಳದಿ ಸಾ" ಎಂದು ಪಾಠ ಮಾಡಿದಳು. ಅವರಿಗೆ ಅದು ಗೊತ್ತಿರಲಿಲ್ಲವೆಂದು ನನಗೆ ಅನ್ನಿಸಿತು.

ಇನ್ನು ನನ್ನ ವಿಚಾರ. ಬಸ್ಸು ಹೋದ ದಿನವೇ ನಾನು ಕೋನಪ್ಪನ ಹೋಟೆಲಿಗೆ ಹೋಗಿ, ಬೆಂಚಿನ ಮುಂದೆ ನಿಂತು, ಕ್ಲಾಸಿನಲ್ಲಿ ಹೇಳುವಂತೆ ಎಲ್ಲವನ್ನೂ ಹೇಳಿದೆ. ಬಯ್ಯಪ್ಪ ಕಂಡದ್ದು ಸತ್ಯ, ಆ ಹಕ್ಕಿ ಲೋಕದಲ್ಲಿ ಉಂಟು, ತಲೆಕೆಳಗಾಗಿಯೇ ತಿನ್ನುತ್ತದೆ, ಪುಸ್ತಕದಲ್ಲಿ ನಾನೇ ಓದಿದ್ದೇನೆ, ಅದರ ಹೆಸರು ಫ್ಲೆಮಿಂಗೊ.

"ಆ ಪುಸ್ತಕ ಎಲ್ಲಿ ಮೇಷ್ಟ್ರೇ?" ಕೋನಪ್ಪ ಕೇಳಿದ.

"ವಾಪಸ್ ಕಳಿಸಿಬಿಟ್ಟೆವು."

"ಯಾಕೆ?"

"ಬಯ್ಯಪ್ಪನೇ ಕಳಿಸಿ ಅಂದ."

ಹೋಟೆಲಿನಲ್ಲಿ ಎದ್ದ ನಗೆ ನಂದಿಬೆಟ್ಟಕ್ಕೆ ಕೇಳಿಸಿರಬೇಕು. "ಅಬ್ಬೋ, ಬುರುಡೇನ ಇಂಗ್ಲಿಷಲ್ಲಿ ಹೇಳಿದ್ರೆ ನಿಜ ಆಗೋಗ್ತದಾ ಮೇಷ್ಟ್ರೇ? ಕಂಡ ಹಕ್ಕಿ ಹಾರೋಯ್ತು, ಕಂಡ ಬುಕ್ಕೂ ಹಾರೋಯ್ತಾ?" ಎಂದ ಕೋನಪ್ಪ. ಸಂಜೆಯ ಹೊತ್ತಿಗೆ ನಾನು ಬುರುಡೆ ಮೇಷ್ಟ್ರಾಗಿದ್ದೆ. ಆ ವರ್ಷ ಚಿಂತಾಮಣಿಯಿಂದ ಬಂದಿದ್ದ ಒಂದು ಹೆಣ್ಣಿನ ಕಡೆಯವರು ಊರ ಬಾಗಿಲಲ್ಲಿ ನನ್ನ ಮನೆ ವಿಚಾರಿಸಿ, ಟೀ ಕುಡಿದು, ಅಲ್ಲಿಂದಲೇ ತಿರುಗಿ ಹೋದರು. ಆಮೇಲೆ ಗೌರಿಬಿದನೂರಿನ ಕಡೆ ಸಂಬಂಧವಾಯಿತು. ದೂರದ ಊರಾದ್ದರಿಂದ ಬಿರುದು ಅಲ್ಲಿಗೆ ತಲುಪಿರಲಿಲ್ಲ.

ಬಿರುದು ಬಂದ ಮರುದಿನ ಸಂಜೆ ಹೋಟೆಲಿಗೆ ಹೋದಾಗ ಒಳಗಿನಿಂದ "ಬುರುಡೆ ಸಂಘದೋರು ಬಂದ್ರು, ಜಾಗ ಬಿಡ್ರಪ್ಪ" ಎಂದರು. ನನಗೆ ಒಳಗೆ ಹೋಗಲು ಮನಸ್ಸಾಗಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಬಯ್ಯಪ್ಪ ಕೂತಿದ್ದ. ಹೋಗಿ ಅವನ ಪಕ್ಕದ ಕಲ್ಲಿನ ಮೇಲೆ ಕೂತು, ನನಗೂ ಗೂಡಿನ ಲೋಟದಲ್ಲೇ ಟೀ ಕೊಡು ಎಂದೆ. ಕೋನಪ್ಪ ಮುಖ ಕಿವುಚಿಕೊಂಡು ತಂದುಕೊಟ್ಟ. ಬಯ್ಯಪ್ಪ ನನ್ನನ್ನೂ ಲೋಟವನ್ನೂ ನೋಡಿ, "ಸಾಮಿ, ಅದು ಸ್ವಲ್ಪ ಸೋರ್ತದೆ. ತಳ ಹಿಡ್ಕೊಂಡು ಕುಡೀಬೇಕು" ಎಂದು ಹೇಳಿಕೊಟ್ಟ. ಅಂದಿನಿಂದ ನಮ್ಮ ಸಂಘ ಆ ಮರದ ಕೆಳಗೇ ಸೇರುತ್ತಿತ್ತು.

ಹೀಗೆ ಏಳು ವರ್ಷ ಹೋಯಿತು. ಅರವತ್ತೈದರ ಫೆಬ್ರವರಿಯ ಒಂದು ಬೆಳಿಗ್ಗೆ, ಇನ್ನೂ ಬೆಳಕು ಹರಿಯುತ್ತಿರುವಾಗ, ಬಯ್ಯಪ್ಪ ನನ್ನ ಮನೆಯ ಮುಂದೆ ಬಂದು ನಿಂತ. ಆ ವರ್ಷ ಕೆರೆ ಬಹಳ ಇಳಿದಿತ್ತು.

"ಸಾಮಿ, ಬುಕ್ಕು ತಗೊಂಡು ಬನ್ನಿ."

ಬೇರೇನೂ ಹೇಳಲಿಲ್ಲ. ಶಾಲೆಯ ಪುಸ್ತಕ ಅಂದು ನನ್ನ ಮನೆಯಲ್ಲೇ ಇತ್ತು. ಅಂಗಿ ಸಿಕ್ಕಿಸಿಕೊಂಡು ಹಿಂದೆ ಹೋದೆ. ಏರಿಯ ಹತ್ತಿರ ಬರುತ್ತಲೇ ಅವನು ಬಗ್ಗಿದ, ನಾನೂ ಬಗ್ಗಿದೆ. ಇಬ್ಬರೂ ಕಲ್ಲುಗಳ ಹಿಂದೆ ಕೂತೆವು.

ಹನ್ನೊಂದು ಇದ್ದವು. ಜಾಲಿಮರದಾಚೆ, ಮೊಣಕಾಲು ಮುಟ್ಟದ ನೀರಿನಲ್ಲಿ. ಮಂಜಿರಲಿಲ್ಲ. ಪೂರ್ವದ ಬೆಳಕು ಮೇಲೆ ಬಿದ್ದು ಬಿಳಿ ಮೈ ಕೆಂಪೇರುತ್ತಿತ್ತು. ಒಂದೊಂದೇ ಕತ್ತು ಇಳಿಬಿಟ್ಟು, ತಲೆ ಮಗುಚಿ, ಸಾವಧಾನವಾಗಿ ಕೆಸರು ಸೋಸುತ್ತಿದ್ದವು. ಇಂಥದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ನಾನು ಎದ್ದೆ. "ಇಲ್ಲೇ ಇರು ಬಯ್ಯಪ್ಪ, ಓಡಿ ಹೋಗಿ ಎಲ್ಲರನ್ನೂ ಕರೀತೀನಿ. ಮೊದಲು ಆ ಕೋನಪ್ಪನ್ನ ಎಳ್ಕೊಂಡು ಬರ್ತೀನಿ."

ಅವನು ನನ್ನ ಅಂಗಿಯ ಚುಂಗು ಹಿಡಿದು ಕೂರಿಸಿದ.

"ಹೋದ ಸಲ ನಾನೂ ಓಡಿದ್ದೆ ಸಾಮಿ. ಅದಕ್ಕೇ ಕಾಲು ನೋಡಕ್ಕಾಗಲಿಲ್ಲ."

"ಹದಿನಾಲ್ಕು ವರ್ಷದ ಹೆಸರು ಕಣಪ್ಪ ನಿಂದು. ಇವತ್ತು ಕಳೆಯುತ್ತೆ."

"ನೀವು ನೋಡ್ತಾ ಇದ್ದೀರಲ್ಲ," ಎಂದ ಹಕ್ಕಿಗಳಿಂದ ಕಣ್ಣು ತೆಗೆಯದೆ. "ಸಾಕು. ಕೂತ್ಕೊಳ್ಳಿ, ಅವು ಎದ್ದುಬಿಡ್ತವೆ."

ಕೂತೆ. ಒಂದು ಗಂಟೆಯೋ ಇನ್ನೂ ಹೆಚ್ಚೋ ನಾವು ಅಲ್ಲಾಡದೆ ನೋಡಿದೆವು. ಬಿಸಿಲು ಬಿದ್ದಾಗ ಮುಂದಿನದು ನೀರಿನ ಮೇಲೆ ನಾಲ್ಕು ಹೆಜ್ಜೆ ಓಡಿ ಎದ್ದಿತು, ಹಿಂದೆಯೇ ಹತ್ತೂ ಎದ್ದವು. ರೆಕ್ಕೆ ಬಿಚ್ಚಿದಾಗ ಒಳಗೆಲ್ಲ ಕುಂಕುಮದ ಬಣ್ಣ. ಉದ್ದನೆಯ ಗುಲಾಬಿ ಕಾಲುಗಳನ್ನು ಹಿಂದಕ್ಕೆ ಚಾಚಿಕೊಂಡು ನಮ್ಮ ತಲೆಯ ಮೇಲೇ ಹಾದು ಸ್ಕಂದಗಿರಿಯ ದಿಕ್ಕಿಗೆ ಹೋದವು. ಬಯ್ಯಪ್ಪ ಕತ್ತೆತ್ತಿ ನೋಡುತ್ತ, ಮಕ್ಕಳು ಎಣಿಸುವ ಹಾಗೆ ಬೆರಳು ಮಡಿಸುತ್ತ, "ಇಪ್ಪತ್ತೆರಡು" ಎಂದ. ಕಾಲುಗಳನ್ನು ಎಣಿಸಿದ್ದ.

ಪುಸ್ತಕದ ಕೊನೆಯಲ್ಲಿ ಒಂದು ಖಾಲಿ ಪುಟವಿತ್ತು. ಅವನು ಹೇಳಿದ, ನಾನು ಪೆನ್ಸಿಲಿನಲ್ಲಿ ಬರೆದೆ. ಮೊದಲ ಸಾಲೇ ಕಾಲು: ಬೆಳ್ಳಕ್ಕಿಯ ಎರಡರಷ್ಟು ಉದ್ದ, ಗುಲಾಬಿ, ಬೆರಳುಗಳ ನಡುವೆ ಬಾತುಕೋಳಿಯ ಹಾಗೆ ತೊಗಲು. ಮೈ, ಕೊಕ್ಕು, ಊಟದ ಕ್ರಮ ಎಲ್ಲ ಆಮೇಲೆ. ನನ್ನ ಕೈಲಾದಮಟ್ಟಿಗೆ ಒಂದು ಚಿತ್ರವನ್ನೂ ಬರೆದೆ. ಅದು ಕುಂಟು ಕೋಳಿಯ ಹಾಗೆ ಬಂದಿತ್ತು, ಆದರೂ ಕಾಲು ಪೂರ್ತಿ ಇದ್ದವು. ಬಯ್ಯಪ್ಪ ನೋಡಿ, "ಈಗ ಬುಕ್ಕು ಸರಿಯಾಯ್ತು" ಎಂದ.

ಹಿಂದಿರುಗುವಾಗ ಬೇವಿನ ಮರದ ಕೆಳಗೆ ಕೂತೆವು. ಕೋನಪ್ಪ ಎರಡು ಲೋಟ ಟೀ ತಂದು ನನ್ನ ಕೆಸರಾದ ಪಂಚೆಯನ್ನು ನೋಡಿದ.

"ಏಮಿ ಮೇಷ್ಟ್ರೇ, ಇಷ್ಟೊತ್ತಿಗೇ ಕೆರೆ ಕಡೆ? ಏನು ಬಂದಿತ್ತು?"

ನನ್ನ ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು. ನಾನು ಬಾಯಿ ತೆರೆದರೆ ಊರು ಇನ್ನೂ ಏಳು ವರ್ಷ ನನ್ನನ್ನು ಆಡಿಕೊಳ್ಳುತ್ತದೆಂದು ಬಯ್ಯಪ್ಪನಿಗೆ ಗೊತ್ತಿತ್ತು. ನಾನು ಉಸಿರೆಳೆದುಕೊಳ್ಳುವುದರೊಳಗೆ ಅವನೇ ಹೇಳಿದ.

"ಏನಿಲ್ಲ ಸಾಮಿ, ಬರೀ ಬೆಳ್ಳಕ್ಕಿ."

"ನಾನೂ ಅದೇ ಅಂದ್ಕೊಂಡೆ" ಎಂದು ಕೋನಪ್ಪ ಒಳಗೆ ಹೋದ.

ಬಯ್ಯಪ್ಪ ಲೋಟದ ತಳ ಹಿಡಿದುಕೊಂಡು ಟೀ ಕುಡಿಯುತ್ತಿದ್ದ. ನಾನು ಕಂಡಂತೆ ಅವನು ಜನ್ಮದಲ್ಲಿ ಬಿಟ್ಟ ಬುರುಡೆ ಅದೊಂದೇ. ಅದನ್ನು ಮಾತ್ರ ಊರು ಒಂದೇ ಮಾತಿಗೆ ನಂಬಿತು.